ಅಂಟು ಕೈಕೊಟ್ಟಿತೋ, ಮೇಲ್ಮೈ ಕೈಕೊಟ್ಟಿತೋ?

ಲೋಹಕ್ಕೆ ಲೋಹವನ್ನು ಅಂಟಿಸುವ ಬಗ್ಗೆ ಬಂದ ಪತ್ರಗಳನ್ನೆಲ್ಲ ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಬಹುಪಾಲು ಪತ್ರಗಳಲ್ಲಿ ದೂರು ಅಂಟಿನ ಮೇಲೆಯೇ ಇದೆ. ಅಂಟಿಸಿದ ಜೋಡಣೆಗಳನ್ನು ಎಳೆದು, ನೆನೆಸಿ, ಬಿಸಿಮಾಡಿ ಮುರಿಯುವುದನ್ನೇ ಉದ್ಯೋಗವಾಗಿ ಮಾಡಿಕೊಂಡಿದ್ದ ನನಗೆ ಈ ದೂರು ಹೊಸದಲ್ಲ. ಅದು ಹೆಚ್ಚಿನ ಸಲ ಸುಳ್ಳು ದೂರು ಎಂಬುದೂ ಹೊಸದಲ್ಲ.

ಪ್ರಶ್ನೆ: ಅಲ್ಯುಮಿನಿಯಂ ಹಾಳೆಯ ಮೇಲೆ ಅಲ್ಯುಮಿನಿಯಂ ಕೊಂಡಿಗಳನ್ನು ಎರಡು ಭಾಗದ ಎಪಾಕ್ಸಿಯಿಂದ ಅಂಟಿಸಿದ್ದೆ. ಮರುದಿನ ಸುತ್ತಿಗೆಯಿಂದ ಹೊಡೆದರೂ ಅಲುಗಲಿಲ್ಲ. ಬಯಲಿನಲ್ಲಿ ಒಂದು ವರ್ಷ ಕಳೆದ ಮೇಲೆ ಬೆರಳಿನಿಂದ ಎಬ್ಬಿಸಿದರೆ ಕಳಚಿ ಬಂದವು. ಅಂಟೆಲ್ಲ ಕೊಂಡಿಯ ಬದಿಯಲ್ಲೇ ಉಳಿದಿದೆ, ಹಾಳೆ ಬರಿದಾಗಿ ಹೊಳೆಯುತ್ತಿದೆ. ಅಂಟು ನಕಲಿ ಇರಬಹುದೇ?
— ಸಣ್ಣ ಕಾರ್ಖಾನೆ ನಡೆಸುವವರೊಬ್ಬರು

ಉತ್ತರ: ಇಲ್ಲ. ಅದಕ್ಕೆ ಸಾಕ್ಷಿ ನಿಮ್ಮ ಪತ್ರದಲ್ಲೇ ಇದೆ. ಮುರಿದ ಜೋಡಣೆಯನ್ನು ಎಸೆಯುವ ಮೊದಲು ಎರಡೂ ಮುಖಗಳನ್ನು ನೋಡಬೇಕು. ಎರಡೂ ಕಡೆ ಅಂಟು ಉಳಿದಿದ್ದರೆ ಅಂಟಿನ ಪದರವೇ ನಡುವೆ ಹರಿದಿದೆ ಎಂದು ಅರ್ಥ; ಆಗ ಅಂಟನ್ನೋ ಜೋಡಣೆಯ ವಿನ್ಯಾಸವನ್ನೋ ಪ್ರಶ್ನಿಸಬಹುದು. ಒಂದು ಕಡೆ ಬರಿದಾಗಿ ಹೊಳೆಯುತ್ತಿದ್ದರೆ ಅಂಟಿಗೆ ಏನೂ ಆಗಿಲ್ಲ, ಅದು ಹಿಡಿದುಕೊಂಡಿದ್ದ ನೆಲೆಯೇ ಸಡಿಲಿದೆ. ಕೊಂಡಿಯ ಮೇಲೆ ಉಳಿದಿರುವ ಎಪಾಕ್ಸಿಯನ್ನು ಉಗುರಿನಿಂದ ಗೀರಿ ನೋಡಿ, ಅದು ಇನ್ನೂ ಗಟ್ಟಿಯಾಗಿಯೇ ಇರುತ್ತದೆ.

ಮೊದಲ ದಿನ ಸುತ್ತಿಗೆಗೆ ಬಗ್ಗದ್ದು ವರ್ಷದ ಬಳಿಕ ಬೆರಳಿಗೆ ಬಂದದ್ದು ಹೇಗೆ ಎಂಬುದು ಇಲ್ಲಿರುವ ನಿಜವಾದ ಪ್ರಶ್ನೆ. ಈ ಕೆಲಸ ಮಾಡಿದ್ದು ನೀರು. ಎಪಾಕ್ಸಿ ನೀರನ್ನು ಸಂಪೂರ್ಣ ತಡೆಯುತ್ತದೆ ಎಂಬ ನಂಬಿಕೆ ಬಹಳ ಜನರಲ್ಲಿದೆ. ಅದು ತಡೆಯುವುದಿಲ್ಲ, ತಡಮಾಡುತ್ತದೆ ಅಷ್ಟೇ. ಅಂಚುಗಳಿಂದ ನೀರಿನ ಅಣುಗಳು ತಿಂಗಳುಗಟ್ಟಲೆ ನಿಧಾನವಾಗಿ ಒಳಗೆ ಸಾಗುತ್ತವೆ. ಹಾಗೆ ಸಾಗಿದ ನೀರು ಎಪಾಕ್ಸಿಯನ್ನು ಸ್ವಲ್ಪ ಮೆದುಗೊಳಿಸುತ್ತದೆ. ಒಣಗಿಸಿದರೆ ಆ ಮೆದುತನ ಬಹುಮಟ್ಟಿಗೆ ಹೋಗುತ್ತದೆ. ಆದರೆ ನೀರು ಲೋಹದ ಗಡಿಯನ್ನು ತಲುಪಿದ ಮೇಲೆ ಆಗುವ ಹಾನಿ ಒಣಗಿಸಿದರೆ ಹೋಗುವಂಥದ್ದಲ್ಲ.

ಇಲ್ಲಿ ಒಂದು ಲೆಕ್ಕವನ್ನು ಹೇಳಲೇಬೇಕು, ಏಕೆಂದರೆ ಈ ವಿಷಯದಲ್ಲಿ ಇದಕ್ಕಿಂತ ಕಣ್ಣು ತೆರೆಸುವ ಅಂಕಿ ನನಗೆ ಗೊತ್ತಿಲ್ಲ. ಅಂಟು ಹಿಡಿಯುವುದು ಬರಿಯ ಲೋಹವನ್ನಲ್ಲ, ಅದರ ಮೇಲೆ ಮೂಡಿರುವ ಆಕ್ಸೈಡ್ ಪದರವನ್ನು. ಒಣ ಸ್ಥಿತಿಯಲ್ಲಿ ಎಪಾಕ್ಸಿಯನ್ನು ಅಲ್ಯುಮಿನಿಯಂ ಆಕ್ಸೈಡಿನಿಂದ ಬೇರ್ಪಡಿಸಲು ಚದರ ಮೀಟರಿಗೆ ಸುಮಾರು 232 ಮಿಲಿಜೂಲ್ ಶಕ್ತಿ ಬೇಕು. ನಡುವೆ ನೀರು ಬಂದಾಗ ಅದೇ ಲೆಕ್ಕ ಮೈನಸ್ 137ಕ್ಕೆ ಇಳಿಯುತ್ತದೆ. ಕಬ್ಬಿಣದ ಆಕ್ಸೈಡಿನ ಮೇಲಾದರೆ 291 ಇದ್ದದ್ದು ಮೈನಸ್ 255 ಆಗುತ್ತದೆ. ಸಂಖ್ಯೆ ಮೈನಸ್ ಆಯಿತು ಎಂದರೆ ಬೇರ್ಪಡಿಸಲು ಯಾರೂ ಬಲ ಹಾಕಬೇಕಾಗಿಲ್ಲ ಎಂದರ್ಥ. ಆಕ್ಸೈಡು ಅಂಟಿಗಿಂತ ನೀರನ್ನು ಹೆಚ್ಚು ಇಷ್ಟಪಡುತ್ತದೆ, ಸಮಯ ಸಿಕ್ಕಿದರೆ ಅಂಟನ್ನು ಬಿಟ್ಟು ನೀರನ್ನು ಹಿಡಿದುಕೊಳ್ಳುತ್ತದೆ. ಸುತ್ತಿಗೆಗೆ ಆ ಸಮಯ ಇರಲಿಲ್ಲ, ಒಂದು ವರ್ಷದ ತೇವಕ್ಕೆ ಇತ್ತು.

ಈ ಲೆಕ್ಕ ಹಿಡಿಯುವುದು ಅಣುಗಳ ನಡುವಿನ ಸಾಮಾನ್ಯ ಸೆಳೆತವನ್ನು ಮಾತ್ರ. ಆದ್ದರಿಂದ ನೀರಿನಲ್ಲೂ ಬಾಳಬೇಕಾದ ಜೋಡಣೆಗೆ ಬೇರೊಂದು ಆಧಾರ ಒದಗಿಸಬೇಕು. ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳಿರುವ ಆಕ್ಸೈಡನ್ನು ಲೋಹದ ಮೇಲೆ ಬೆಳೆಸಿದರೆ ಅಂಟು ಅದರೊಳಗೆ ಇಳಿದು ಬೇರುಬಿಡುತ್ತದೆ. ಇಲ್ಲವೇ ಲೋಹಕ್ಕೂ ಅಂಟಿಗೂ ನಡುವೆ ರಾಸಾಯನಿಕ ಬಂಧವನ್ನು ಕಟ್ಟುವ ಪದಾರ್ಥವನ್ನು ಲೇಪಿಸಬೇಕು. ಮೇಲ್ಮೈ ಸಿದ್ಧತೆ ಎಂಬುದರ ಹುರುಳು ಇದು. ಕೊಳೆ ತೆಗೆಯುವುದು ಅದರ ಮೊದಲರ್ಧ ಮಾತ್ರ.

ಅಲ್ಯುಮಿನಿಯಮ್ಮಿಗೆ ಇನ್ನೊಂದು ಶನಿ ಇದೆ. ಗಾಳಿ ಸೋಕಿದ ಕ್ಷಣದಲ್ಲೇ ಅದರ ಮೇಲೆ ಕೆಲವೇ ನ್ಯಾನೋಮೀಟರ್ ದಪ್ಪದ ಆಕ್ಸೈಡ್ ಮೂಡುತ್ತದೆ. ತೇವದಲ್ಲಿ ಈ ಆಕ್ಸೈಡು ನೀರನ್ನು ಸೇರಿಸಿಕೊಂಡು ಉಬ್ಬಿ, ತಳದ ಲೋಹವನ್ನು ಸರಿಯಾಗಿ ಹಿಡಿಯದ ಹೈಡ್ರಾಕ್ಸೈಡ್ ಆಗಿಬಿಡುತ್ತದೆ. ಅಂಟು ಆಕ್ಸೈಡನ್ನು ಬಿಡದಿದ್ದರೂ ಆಕ್ಸೈಡೇ ಲೋಹವನ್ನು ಬಿಟ್ಟು ಬರುವುದು ಹೀಗೆ. ಅದೂ ಅಲ್ಲದೆ ರೋಲಿಂಗ್ ಯಂತ್ರದಿಂದ ಬಂದ ಹಾಳೆಯ ಮೇಲೆ ಎಣ್ಣೆಯ ಪಸೆ ಇರುತ್ತದೆ, ಮೆಗ್ನೀಸಿಯಂ ಇರುವ ಮಿಶ್ರಲೋಹವಾದರೆ ಮೆಗ್ನೀಸಿಯಂ ತುಂಬಿದ ದುರ್ಬಲ ಪದರವೂ ಇರುತ್ತದೆ. ನೀವು ಅಂಟಿಸಿದ್ದು ಇವುಗಳ ಮೇಲೆ.

ಪ್ರಶ್ನೆ: ನಮ್ಮ ಪ್ರಾಜೆಕ್ಟಿನಲ್ಲಿ ಅಸಿಟೋನಿನಿಂದ ಒರೆಸಿದ ಮಾದರಿಗಳನ್ನೂ ಆಮ್ಲದಲ್ಲಿ ಎಚಿಂಗ್ ಮಾಡಿದ (ಅಂದರೆ ಮೇಲ್ಮೈಯನ್ನು ತುಸು ಕರಗಿಸಿದ) ಮಾದರಿಗಳನ್ನೂ ಅಂಟಿಸಿ ಎಳೆದು ನೋಡಿದೆವು. ಬಲದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಬರಲಿಲ್ಲ. ಎಚಿಂಗ್ ಅನಗತ್ಯ ಎಂದು ವರದಿಯಲ್ಲಿ ಬರೆಯಬಹುದೇ?
— ಇಂಜಿನಿಯರಿಂಗ್ ವಿದ್ಯಾರ್ಥಿನಿ

ಉತ್ತರ: ದಯವಿಟ್ಟು ಬರೆಯಬೇಡಿ. ನೀವು ಅಳೆದದ್ದು ಬಲವನ್ನು, ತೀರ್ಮಾನ ಕೊಡಹೊರಟದ್ದು ಬಾಳಿಕೆಯ ಬಗ್ಗೆ.

ಒಂದರ ಮೇಲೊಂದು ಚಾಚಿಕೊಂಡ ಎರಡು ಪಟ್ಟಿಗಳನ್ನು ಎಳೆಯುವ ಪರೀಕ್ಷೆ ಎಲ್ಲ ಪ್ರಯೋಗಾಲಯಗಳಲ್ಲೂ ಇದೆ. ಪಟ್ಟಿಯ ದಪ್ಪ 1.6 ಮಿಲಿಮೀಟರ್, ಅಂಟಿದ ಉದ್ದ 12.7 ಮಿಲಿಮೀಟರ್, ಕೆಲಸ ಕೆಲವೇ ನಿಮಿಷಗಳದ್ದು, ಕೊನೆಗೆ ಕೈಗೆ ಒಂದು ಅಂಕಿ ಸಿಗುತ್ತದೆ. ಅಂಟನ್ನು ಸರಿಯಾಗಿ ಕಲಸಿದ್ದಾರೋ, ಅದು ಪೂರ್ತಿ ಗಟ್ಟಿಯಾಗಿದೆಯೋ ಎಂದು ತಿಳಿಯಲು ಅದು ಒಳ್ಳೆಯ ಪರೀಕ್ಷೆ. ಬಾಳಿಕೆಯ ಬಗ್ಗೆ ಮಾತ್ರ ಅದು ಬಾಯಿ ಬಿಡುವುದಿಲ್ಲ. ಒಣಗಿದ ಹೊಸ ಜೋಡಣೆಯಲ್ಲಿ ಸಾಧಾರಣವಾಗಿ ಒರೆಸಿದ ಮೇಲ್ಮೈಯೂ ಅಂಟಿನ ಬಲದಷ್ಟು ಹಿಡಿತವನ್ನು ಕೊಡಬಲ್ಲದು. ಹಾಗಾಗಿ ಎರಡೂ ಗುಂಪುಗಳಲ್ಲಿ ಮುರಿಯುವುದು ಅಂಟೇ, ಅಂಕಿಯೂ ಒಂದೇ.

ನೀವು ಮಾಡಬೇಕಾದದ್ದು ಬೆಣೆ ಪರೀಕ್ಷೆ. ಬೋಯಿಂಗ್ ಕಂಪನಿಯಲ್ಲಿ ರೂಪುಗೊಂಡ ಕಾರಣ ಅದಕ್ಕೆ ಬೋಯಿಂಗ್ ವೆಜ್ ಟೆಸ್ಟ್ ಎಂದೇ ಹೆಸರು. ಸುಮಾರು 3.2 ಮಿಲಿಮೀಟರ್ ದಪ್ಪದ ಎರಡು ಫಲಕಗಳನ್ನು ಅಂಟಿಸಿ, 25 ಮಿಲಿಮೀಟರ್ ಅಗಲ, 150 ಮಿಲಿಮೀಟರ್ ಉದ್ದದ ಪಟ್ಟಿಗಳಾಗಿ ಕತ್ತರಿಸಿ. ಪಟ್ಟಿಯ ಒಂದು ತುದಿಯಲ್ಲಿ ಅಂಟು ಇಲ್ಲದ ಜಾಗ ಬಿಟ್ಟಿರಬೇಕು, ಅಲ್ಲಿ ಲೋಹದ ಬೆಣೆಯೊಂದನ್ನು ಬಡಿದು ಕೂರಿಸಬೇಕು. ಬಿರುಕು ಸ್ವಲ್ಪ ದೂರ ಓಡಿ ನಿಲ್ಲುತ್ತದೆ. ಅದರ ತುದಿಯನ್ನು ಸೂಕ್ಷ್ಮದರ್ಶಕದಲ್ಲಿ ಹುಡುಕಿ ಗೀರು ಹಾಕಿ. ಆಮೇಲೆ ಪಟ್ಟಿಯನ್ನು 50 ಡಿಗ್ರಿ ಸೆಲ್ಸಿಯಸ್‌ನ, ನೀರಾವಿ ತುಂಬಿದ ಪೆಟ್ಟಿಗೆಯೊಳಗೆ ಇಡಿ. ಬೆಣೆ ಸದಾ ಎಳೆಯುತ್ತಿರುತ್ತದೆ, ತೇವ ಬಿರುಕಿನ ತುದಿಗೆ ನೇರವಾಗಿ ತಲುಪುತ್ತಿರುತ್ತದೆ. ಒಂದು ಗಂಟೆಯ ನಂತರ, ಒಂದು ದಿನದ ನಂತರ ತುದಿ ಎಲ್ಲಿದೆ ನೋಡಿ.

ಒಳ್ಳೆಯ ಸಿದ್ಧತೆ ಇದ್ದರೆ ಬಿರುಕು ಕೆಲವು ಮಿಲಿಮೀಟರ್ ಮುಂದೆ ಸರಿದು ಅಂಟಿನೊಳಗೇ ಉಳಿಯುತ್ತದೆ. ಬರೀ ಒರೆಸಿದ ಪಟ್ಟಿಯಲ್ಲಿ ಅದು ಲೋಹದ ಗಡಿಗೆ ಜಿಗಿದು ಓಡುತ್ತದೆ. ನನ್ನ ಕೈಕೆಳಗೆ ಕಲಿತವರಲ್ಲಿ ಎಳೆತದ ಅಂಕಿಗಳನ್ನು ಹಿಡಿದು ವಾದಿಸುತ್ತಿದ್ದವರು ಆ ಪೆಟ್ಟಿಗೆಯ ಬಾಗಿಲು ತೆರೆದ ಮೇಲೆ ಸುಮ್ಮನಾಗುತ್ತಿದ್ದರು. ಒಂದು ಎಚ್ಚರಿಕೆ: ಬಿರುಕಿನ ಉದ್ದವನ್ನು ಮಾತ್ರ ಬರೆದು ಕೈತೊಳೆದುಕೊಳ್ಳಬೇಡಿ. ಕೊನೆಯಲ್ಲಿ ಪಟ್ಟಿಯನ್ನು ಬಿಚ್ಚಿ, ತೇವದಲ್ಲಿ ಬೆಳೆದ ಭಾಗ ಎಲ್ಲಿ ಮುರಿದಿದೆ ಎಂಬುದರ ಚಿತ್ರವನ್ನು ವರದಿಯಲ್ಲಿ ಹಾಕಿ. ನಾನು ಪರೀಕ್ಷಕಳಾಗಿದ್ದರೆ ಮೊದಲು ನೋಡುವುದು ಆ ಚಿತ್ರವನ್ನು.

ಪ್ರಶ್ನೆ: ಪೆಟ್ರೋಲ್ ಅಥವಾ ಸೀಮೆಎಣ್ಣೆಯಿಂದ ಒರೆಸಿದರೆ ಜಿಡ್ಡು ಹೋಗುವುದಿಲ್ಲವೇ?

ಉತ್ತರ: ಹಳೆಯ ಜಿಡ್ಡು ಹೋಗುತ್ತದೆ, ಅವುಗಳ ಜಿಡ್ಡು ಉಳಿಯುತ್ತದೆ. ಬೇಡ. ಬೆಂಕಿಯ ಅಪಾಯ ಬೇರೆ.

ಪ್ರಶ್ನೆ: ಆಮ್ಲದ ತೊಟ್ಟಿ, ವಿದ್ಯುತ್ ಉಪಕರಣ ಯಾವುದೂ ಇಲ್ಲದ ಸಣ್ಣ ವರ್ಕ್‌ಶಾಪಿನಲ್ಲಿ ಅಲ್ಯುಮಿನಿಯಮ್ಮನ್ನು ಎಷ್ಟರ ಮಟ್ಟಿಗೆ ಸಿದ್ಧಗೊಳಿಸಬಹುದು?
— ಉಪಕರಣಗಳನ್ನು ದುರಸ್ತಿ ಮಾಡುವವರು

ಉತ್ತರ: ನೀವು ಅಂದುಕೊಂಡದ್ದಕ್ಕಿಂತ ಹೆಚ್ಚಿನ ಮಟ್ಟಿಗೆ. ಆದರೆ ಕೆಲಸದ ಕ್ರಮವನ್ನು ತಪ್ಪಿಸಬಾರದು.

ಮೊದಲು ಜಿಡ್ಡು ತೆಗೆಯುವುದು, ಆಮೇಲೆ ಉಜ್ಜುವುದು. ಬಹಳ ಜನ ನೇರವಾಗಿ ಉಪ್ಪುಕಾಗದ ಹಿಡಿಯುತ್ತಾರೆ. ಹಾಗೆ ಮಾಡಿದರೆ ಮೇಲಿದ್ದ ಎಣ್ಣೆ ಹೊಸ ಗೀರುಗಳೊಳಗೆ ಇಳಿದು ಕುಳಿತುಕೊಳ್ಳುತ್ತದೆ, ಆಮೇಲೆ ಎಷ್ಟು ಒರೆಸಿದರೂ ಏಳುವುದಿಲ್ಲ. ಅಸಿಟೋನ್ ಅಥವಾ ಐಸೊಪ್ರೊಪೈಲ್ ಆಲ್ಕೋಹಾಲ್ ಸಾಕು. ಕಿಟಕಿ ತೆರೆದಿರಲಿ, ಹತ್ತಿರ ಕಿಡಿ ಇರದಿರಲಿ. ದ್ರಾವಕವನ್ನು ಬಟ್ಟೆಗೆ ಸುರಿಯಿರಿ, ಬಟ್ಟೆಯನ್ನು ಡಬ್ಬಿಯೊಳಗೆ ಅದ್ದಬೇಡಿ. ಅದ್ದಿದರೆ ಎರಡನೆಯ ಅದ್ದಿಗೇ ಡಬ್ಬಿಯಲ್ಲಿರುವುದು ತೆಳು ಎಣ್ಣೆಯಾಗಿರುತ್ತದೆ. ಒಂದೇ ದಿಕ್ಕಿನಲ್ಲಿ ಒರೆಸಿ, ಬಟ್ಟೆಯ ಮಡಿಕೆ ಬದಲಿಸಿ, ದ್ರಾವಕ ತಾನಾಗಿ ಆರುವ ಮೊದಲೇ ಎರಡನೆಯ ಒಣ ಬಟ್ಟೆಯಿಂದ ಎತ್ತಿಕೊಳ್ಳಿ. ತಾನಾಗಿ ಆರಲು ಬಿಟ್ಟರೆ ಕರಗಿದ್ದೆಲ್ಲ ಅಲ್ಲಿಗೇ ಮರಳಿ ಇಳಿಯುತ್ತದೆ, ನೆಲ ಒರೆಸಿದ ಬಟ್ಟೆಯಿಂದ ಕನ್ನಡಿ ಒರೆಸಿದಂತೆ. ಒರೆಸುವುದು ಕೀಳು ಕೆಲಸ ಎಂಬ ಭಾವನೆ ಪ್ರಯೋಗಾಲಯಕ್ಕೆ ಬಂದ ಹೊಸಬರಲ್ಲೆಲ್ಲ ಇರುತ್ತಿತ್ತು. ಅದಕ್ಕಾಗಿಯೇ ಅವರಿಗೆ ಮೊದಲು ಅದನ್ನೇ ಕೊಡುತ್ತಿದ್ದೆ.

ಉಜ್ಜಲು ಹೊಸ ಉಪ್ಪುಕಾಗದ ಅಥವಾ ನೈಲಾನ್ ಉಜ್ಜುಪ್ಯಾಡ್ ತೆಗೆದುಕೊಳ್ಳಿ, ಅಡ್ಡಡ್ಡ ಉದ್ದುದ್ದ ಉಜ್ಜಿ, ಹೊಳಪು ಎಲ್ಲ ಕಡೆ ಒಂದೇ ಸಮನಾಗಿ ಮಂಕಾಗುವವರೆಗೆ. ಗ್ರಿಟ್ ಬ್ಲಾಸ್ಟಿಂಗ್, ಅಂದರೆ ಗಾಳಿಯ ರಭಸದಿಂದ ಗಟ್ಟಿ ಕಣಗಳನ್ನು ಬಡಿಸುವ ಸೌಲಭ್ಯ ಇದ್ದರೆ ಇನ್ನೂ ಒಳ್ಳೆಯದು: ಸಣ್ಣ ಅಲ್ಯುಮಿನಾ ಕಣಗಳು, ಎಣ್ಣೆ ಇಲ್ಲದ ಒಣ ಗಾಳಿ. ಕಂಪ್ರೆಸರ್ ಎಣ್ಣೆಯನ್ನು ಉಗುಳುತ್ತಿದೆಯೇ ಎಂದು ತಿಳಿಯಲು ಬಿಳಿ ಕಾಗದಕ್ಕೆ ಗಾಳಿ ಹಿಡಿದು ನೋಡಿ. ಆಮೇಲೆ ಧೂಳನ್ನು ತೆಗೆದು, ಮತ್ತೊಮ್ಮೆ ದ್ರಾವಕದಿಂದ ಒರೆಸಿ.

ಈಗ ನೀರಿನ ಪರೀಕ್ಷೆ. ಖನಿಜರಹಿತ ಶುದ್ಧ ನೀರನ್ನು ಮೇಲ್ಮೈ ಮೇಲೆ ಹರಿಸಿ, ಫಲಕವನ್ನು ಓರೆಯಾಗಿ ಹಿಡಿಯಿರಿ. ನೀರಿನ ಪೊರೆ ಅರ್ಧ ನಿಮಿಷ ಎಲ್ಲೂ ಒಡೆಯದೆ ಹರಡಿಕೊಂಡಿರಬೇಕು. ಹನಿಗಟ್ಟಿದರೆ, ಪೊರೆ ಹಿಂದೆ ಸರಿದರೆ, ಅಲ್ಲಿ ಜಿಡ್ಡು ಇದೆ, ಮೊದಲಿನಿಂದ ಶುರುಮಾಡಿ. ನೀರಿನ ಮೇಲ್ಮೈ ಎಳೆತ ಮೀಟರಿಗೆ ಸುಮಾರು 73 ಮಿಲಿನ್ಯೂಟನ್, ದ್ರವ ಎಪಾಕ್ಸಿಯದು 45ರ ಆಸುಪಾಸು. ನೀರೇ ಹರಡಿಕೊಂಡ ಕಡೆ ಎಪಾಕ್ಸಿ ಖಂಡಿತ ಹರಡಿಕೊಳ್ಳುತ್ತದೆ. ಈ ಪರೀಕ್ಷೆಯ ಕುರುಡುತನವೊಂದನ್ನು ನೆನಪಿಡಿ: ಸಾಬೂನಿನ ಶೇಷವಿದ್ದರೂ ನೀರು ಚೆನ್ನಾಗಿಯೇ ಹರಡುತ್ತದೆ. ಆದ್ದರಿಂದ ಮಾರ್ಜಕ ಬಳಸಿದ್ದರೆ ಧಾರಾಳವಾಗಿ ತೊಳೆದ ಮೇಲೆಯೇ ಪರೀಕ್ಷಿಸಿ. ನಂತರ ಬಿಸಿಗಾಳಿಯಲ್ಲಿ ಪೂರ್ತಿ ಒಣಗಿಸಿ, ಪುಡಿ ಇಲ್ಲದ ಕೈಗವಸು ಹಾಕಿಕೊಂಡು ಮುಟ್ಟಿ, ಆ ಕೂಡಲೇ ಅಂಟಿಸಿ. ಸಂಜೆ ಉಜ್ಜಿಟ್ಟು ಬೆಳಿಗ್ಗೆ ಅಂಟಿಸುವ ಪದ್ಧತಿ ಇದ್ದರೆ ಬಿಟ್ಟುಬಿಡಿ. ಅದೇ ಕೋಣೆಯಲ್ಲಿ ಸಿಲಿಕೋನ್ ಸ್ಪ್ರೇ ಬಳಸುತ್ತಿದ್ದರೆ ಅದನ್ನೂ ಹೊರಗೆ ಹಾಕಿ.

ಇಷ್ಟಾದ ಮೇಲೂ ನಿಮ್ಮ ಬಳಿ ಇರುವುದು ಶುದ್ಧವಾದ ಮೇಲ್ಮೈ, ನೀರಿಗೆ ಹೆದರದ ಮೇಲ್ಮೈ ಅಲ್ಲ. ಹೊರಗೆ, ತೇವದಲ್ಲಿ ಇರಬೇಕಾದ ಜೋಡಣೆಗೆ ಸೈಲೇನ್ ಎಂಬ, ರಾಸಾಯನಿಕ ಬಂಧ ಕಟ್ಟುವ ಪದಾರ್ಥದ ಲೇಪವನ್ನೂ ಸೇರಿಸಿ. ಎಪಾಕ್ಸಿಗೆ ಹೊಂದುವ ಸೈಲೇನನ್ನು ಶುದ್ಧ ನೀರಿನಲ್ಲಿ ಶೇಕಡಾ 1ರಷ್ಟು ಕಲಸಿ, ಸುಮಾರು ಒಂದು ಗಂಟೆ ಕಲಕುತ್ತಿದ್ದು, ಆಗಷ್ಟೇ ಬ್ಲಾಸ್ಟ್ ಮಾಡಿದ ಲೋಹದ ಮೇಲೆ ಹಚ್ಚಿ, ಹರಿದುಹೋಗಲು ಬಿಟ್ಟು, ನೂರು ಡಿಗ್ರಿಯ ಆಸುಪಾಸಿನಲ್ಲಿ ಒಣಗಿಸುತ್ತಾರೆ. ಸೈಲೇನಿನ ಅಣು ಒಂದು ತುದಿಯಿಂದ ಆಕ್ಸೈಡನ್ನು, ಇನ್ನೊಂದರಿಂದ ಎಪಾಕ್ಸಿಯನ್ನು ಹಿಡಿಯುತ್ತದೆ. ವಿಮಾನಗಳನ್ನು ನಿಂತ ಜಾಗದಲ್ಲೇ ದುರಸ್ತಿ ಮಾಡಲು ಆಸ್ಟ್ರೇಲಿಯಾದ ರಕ್ಷಣಾ ಸಂಶೋಧಕರು ಬೆಳೆಸಿದ ವಿಧಾನ ಮುಖ್ಯವಾಗಿ ಇದೇ, ಬ್ಲಾಸ್ಟಿಂಗ್ ಮತ್ತು ಸೈಲೇನ್. ಹೆಚ್ಚು ಹಚ್ಚಿದರೆ ಹೆಚ್ಚು ಬಲ ಎಂದುಕೊಳ್ಳಬೇಡಿ. ಸೈಲೇನ್ ದಪ್ಪವಾದರೆ ಅದೇ ದುರ್ಬಲ ಪದರವಾಗುತ್ತದೆ.

ಪ್ರಶ್ನೆ: ಮೇಲ್ಮೈ ಹೆಚ್ಚು ಒರಟಾದಷ್ಟೂ ಹಿಡಿತ ಹೆಚ್ಚುತ್ತದೆಯೇ?

ಉತ್ತರ: ಒಂದು ಹಂತದವರೆಗೆ ಮಾತ್ರ. ಆಳವಾದ ಗೀರುಗಳ ತಳಕ್ಕೆ ಮಂದವಾದ ಅಂಟು ಇಳಿಯುವುದಿಲ್ಲ, ಗಾಳಿ ಸಿಕ್ಕಿಹಾಕಿಕೊಳ್ಳುತ್ತದೆ, ಮುಂದೆ ಆ ಜಾಗ ನೀರಿಗೆ ಓಣಿಯಾಗುತ್ತದೆ. ಬಾಳಿಕೆ ಕೊಡುವ ಒರಟುತನ ಕಣ್ಣಿಗಾಗಲಿ ಬೆರಳಿಗಾಗಲಿ ಗೊತ್ತಾಗುವಂಥದ್ದಲ್ಲ, ಅದು ಹತ್ತಾರು ನ್ಯಾನೋಮೀಟರುಗಳದ್ದು. ಯಂತ್ರಕ್ಕೆ ಹಾಕಿದ ತಂತಿ ಬ್ರಷ್ ಇದ್ದರೆ ದೂರವಿಡಿ. ಅದು ಲೋಹವನ್ನು ಸವರಿ ಜಿಡ್ಡನ್ನು ಅಡಿಯಲ್ಲಿ ಹೂಳುತ್ತದೆ, ನೋಡಲು ಮಾತ್ರ ಸುಂದರವಾಗಿರುತ್ತದೆ.

ಪ್ರಶ್ನೆ: ಹಳೆಯ ಕೈಪಿಡಿಯೊಂದರಲ್ಲಿ ಸಲ್ಫ್ಯೂರಿಕ್ ಆಮ್ಲ ಮತ್ತು ಸೋಡಿಯಂ ಡೈಕ್ರೊಮೇಟ್ ಬೆರೆಸಿ ಎಚಿಂಗ್ ಮಾಡುವ ಕ್ರಮ ಸಿಕ್ಕಿತು. ಮನೆಯಲ್ಲಿ ಮಾಡಿ ನೋಡಬಹುದೇ?

ಉತ್ತರ: ಬೇಡ. ಅದರಲ್ಲಿರುವ ಆರು ವೇಲೆನ್ಸಿಯ ಕ್ರೋಮಿಯಂ ಕ್ಯಾನ್ಸರ್ ತರುವಂಥದ್ದು, ಬಳಸಿದ ದ್ರಾವಣವನ್ನು ಎಲ್ಲಿಯೂ ಚೆಲ್ಲುವಂತಿಲ್ಲ. ನಿಮ್ಮ ಕೈಪಿಡಿಯ ಕ್ರಮಕ್ಕೆ ಎಫ್‌ಪಿಎಲ್ ಎಚ್ ಎಂದು ಹೆಸರು. ಫಾರೆಸ್ಟ್ ಪ್ರಾಡಕ್ಟ್ಸ್ ಲ್ಯಾಬೊರೇಟರಿ ಎಂಬುದರ ಮೊದಲಕ್ಷರಗಳು ಅವು. ಅಮೆರಿಕದ ಮ್ಯಾಡಿಸನ್ನಿನಲ್ಲಿರುವ ಮರದ ಸಂಶೋಧನಾಲಯ ಅದು. ಲೋಹದ ಎಚಿಂಗ್ ಮರದವರಿಂದ ಬಂದದ್ದು ನನಗೆ ಯಾವಾಗಲೂ ಖುಷಿ ಕೊಡುವ ಸಂಗತಿ. ಆ ಕಾಲದಲ್ಲಿ ಅಂಟಿನ ವಿದ್ಯೆ ಬಲ್ಲವರು ಅವರೇ ಆಗಿದ್ದರು. ಕ್ರೋಮಿಯಂ ಇಲ್ಲದ, ಫೆರಿಕ್ ಸಲ್ಫೇಟ್ ಬಳಸುವ ಬದಲಿ ಕ್ರಮವೂ ಇದೆ, ಆದರೆ ಅದರಲ್ಲೂ ಇರುವುದು ಬಿಸಿ ಸಲ್ಫ್ಯೂರಿಕ್ ಆಮ್ಲ.

ಎಚಿಂಗನ್ನು ಮೀರಿಸಿದ್ದು 1970ರ ದಶಕದಲ್ಲಿ ಬೋಯಿಂಗ್ ತಂದ ಫಾಸ್ಫಾರಿಕ್ ಆಮ್ಲದ ಅನೋಡೈಸಿಂಗ್, ಅಂದರೆ ಆಮ್ಲದಲ್ಲಿ ವಿದ್ಯುತ್ ಹರಿಸಿ ಲೋಹದ ಮೇಲೆ ಆಕ್ಸೈಡ್ ಬೆಳೆಸುವುದು. ಸುಮಾರು ಶೇಕಡಾ 10ರ ಆಮ್ಲ, ಕೋಣೆಯ ತಾಪ, 10 ವೋಲ್ಟ್, 20ರಿಂದ 25 ನಿಮಿಷ. ಇದರಿಂದ ಸುಮಾರು 400 ನ್ಯಾನೋಮೀಟರ್ ದಪ್ಪದ, ತೆರೆದ ರಂಧ್ರಗಳ, ಮೇಲೆ ಎಳೆಎಳೆಯಾಗಿ ನಿಂತ ಆಕ್ಸೈಡ್ ಬೆಳೆಯುತ್ತದೆ. ತೆಳು ಪ್ರೈಮರ್ ಅದರೊಳಗೆ ಇಳಿಯುತ್ತದೆ. ಮೇಲಾಗಿ ಅದರಲ್ಲಿ ಉಳಿಯುವ ಫಾಸ್ಫೇಟು ಆಕ್ಸೈಡು ನೀರು ಕುಡಿದು ಉಬ್ಬುವುದನ್ನು ತಡೆಯುತ್ತದೆ. ಮೊದಲ ಪತ್ರಕ್ಕೆ ಹೇಳಿದ ಎರಡೂ ಕಾಯಿಲೆಗಳಿಗೆ ಒಂದೇ ತೊಟ್ಟಿಯಲ್ಲಿ ಮದ್ದು ಸಿಕ್ಕಂತಾಯಿತು. ನಿಮಗೆ ನಿಜವಾಗಿ ಬೇಕಿದ್ದರೆ ಅಂಥ ತೊಟ್ಟಿ ಇರುವವರಿಂದ ಮಾಡಿಸಿ. ಅಲಂಕಾರಕ್ಕೆ ಬಣ್ಣ ಹಾಕುವ, ರಂಧ್ರ ಮುಚ್ಚಿದ ಅನೋಡೈಸಿಂಗ್ ಇದಲ್ಲ, ಅದು ಅಂಟಿಗೆ ಒಳ್ಳೆಯ ನೆಲೆಯೂ ಅಲ್ಲ.

ಪ್ರಶ್ನೆ: ಉಕ್ಕು, ಸ್ಟೇನ್‌ಲೆಸ್, ಸತುವಿನ ಲೇಪದ ತಗಡು, ಇವಕ್ಕೂ ಇದೇ ಕ್ರಮವೇ?

ಉತ್ತರ: ಒರೆಸುವ ಶಿಸ್ತು ಎಲ್ಲಕ್ಕೂ ಒಂದೇ, ಮುಂದಿನದು ಬೇರೆ. ಸಾಮಾನ್ಯ ಉಕ್ಕನ್ನು ಬ್ಲಾಸ್ಟ್ ಮಾಡಿ, ತುಕ್ಕಿನ ಮೊದಲ ಛಾಯೆ ಮೂಡುವ ಮೊದಲೇ ಪ್ರೈಮರ್ ಹಚ್ಚಬೇಕು. ಒಣ ಹವೆಯಲ್ಲಿ ಕೆಲವು ಗಂಟೆಗಳ ಅವಕಾಶವಿದ್ದರೆ ತೇವದ ಹವೆಯಲ್ಲಿ ಅದೂ ಇಲ್ಲ. ಉಪ್ಪಿನಂಶವಿರುವ ವಾತಾವರಣದಲ್ಲಿ ಅಂಚಿನಿಂದ ತುಕ್ಕು ನುಗ್ಗುವುದೇ ಉಕ್ಕಿನ ಜೋಡಣೆಯ ದೊಡ್ಡ ಶತ್ರು, ಆದ್ದರಿಂದ ಅಂಚುಗಳನ್ನು ಸೀಲ್ ಮಾಡಿ. ಸ್ಟೇನ್‌ಲೆಸ್ಸಿಗೆ ಕಬ್ಬಿಣದ ಕಣಗಳನ್ನಾಗಲಿ, ಉಕ್ಕಿಗೆ ಬಳಸಿದ ಬ್ರಷ್ ಅನ್ನಾಗಲಿ ಮುಟ್ಟಿಸಬೇಡಿ; ಅಲ್ಯುಮಿನಾ ಕಣಗಳನ್ನೇ ಬಳಸಿ. ಸತುವಿನ ಲೇಪವನ್ನು ಮೆಲ್ಲಗೆ ಕೆರೆಯಿರಿ, ಬ್ಲಾಸ್ಟ್ ಮಾಡಿ ಕಿತ್ತುಹಾಕಬೇಡಿ. ಅಲ್ಲಿ ನಿಮ್ಮ ಜೋಡಣೆ ಸತು ಉಕ್ಕನ್ನು ಹಿಡಿದಷ್ಟೇ ಗಟ್ಟಿ.

ಪ್ರಶ್ನೆ: ಅಂಟಿನ ಜೊತೆಗೆ ರಿವೆಟ್ ಕೂಡ ಹಾಕಿದರೆ ಮೇಲ್ಮೈಯ ಬಗ್ಗೆ ಇಷ್ಟೊಂದು ತಲೆಕೆಡಿಸಿಕೊಳ್ಳಬೇಕೇ? ಒಂದು ಹೋದರೆ ಇನ್ನೊಂದು ಇರುತ್ತದಲ್ಲ?

ಉತ್ತರ: ಇದಕ್ಕೆ ನನ್ನ ಮಾತಿಗಿಂತ ದಾಖಲಾದ ಘಟನೆಯೇ ಉತ್ತರ ಹೇಳಲಿ. 1988ರ ಏಪ್ರಿಲ್ 28ರಂದು ಹವಾಯಿಯಲ್ಲಿ ಅಲೋಹ ಏರ್‌ಲೈನ್ಸ್‌ನ 243ನೇ ಹಾರಾಟದ ಬೋಯಿಂಗ್ 737 ವಿಮಾನದ ಮೇಲ್ಛಾವಣಿಯ ದೊಡ್ಡ ಭಾಗ ಸುಮಾರು 24,000 ಅಡಿ ಎತ್ತರದಲ್ಲಿ ಕಿತ್ತುಹೋಯಿತು. ಗಗನಸಖಿಯೊಬ್ಬರು ಹೊರಕ್ಕೆ ಸೆಳೆಯಲ್ಪಟ್ಟು ತೀರಿಕೊಂಡರು. ಉಳಿದವರೊಂದಿಗೆ ವಿಮಾನ ಹೇಗೋ ನೆಲ ಮುಟ್ಟಿತು. ಆ ವಿಮಾನ 89,680 ಬಾರಿ ಹಾರಿ ಇಳಿದಿತ್ತು.

ಮೊದಮೊದಲಿನ 737ಗಳಲ್ಲಿ ಹೊದಿಕೆಯ ಹಾಳೆಗಳನ್ನು ಎಪಾಕ್ಸಿ ತುಂಬಿದ ತೆಳು ಬಟ್ಟೆಯಿಂದ, ಕೋಣೆಯ ತಾಪದಲ್ಲೇ ಅಂಟಿಸಿ ಮೂರು ಸಾಲು ರಿವೆಟ್ ಹೊಡೆಯುತ್ತಿದ್ದರು. ಭಾರವನ್ನು ಹೊರಬೇಕಾದದ್ದು ಅಂಟು. ಆದರೆ ಆ ಅಂಟಿಸುವ ವಿಧಾನದಲ್ಲಿ ತೊಂದರೆಗಳಿದ್ದವು, ಕೆಲವು ಜೋಡಣೆಗಳು ತೇವವನ್ನು ತಾಳಲಿಲ್ಲ, ಯಾವುವು ತಾಳುವುದಿಲ್ಲ ಎಂದು ಹೊರಗಿನಿಂದ ಹೇಳುವಂತಿರಲಿಲ್ಲ. ಬೋಯಿಂಗ್ 1972ರಲ್ಲಿ ಆ ವಿಧಾನವನ್ನೇ ಕೈಬಿಟ್ಟಿತು. ಆ ಹೊತ್ತಿಗೆ ಹೊರಬಂದಿದ್ದ ವಿಮಾನಗಳು ಹಾರುತ್ತಲೇ ಇದ್ದವು. ಅಂಟು ಬಿಟ್ಟ ಕಡೆ ತೇವ ಸೇರಿ ತುಕ್ಕು ಹಿಡಿಯಿತು, ಭಾರವೆಲ್ಲ ರಿವೆಟ್‌ಗಳ ಮೇಲೆ ಬಿತ್ತು. ರಿವೆಟ್ಟಿನ ತಲೆ ಹುದುಗಲು ಕೊರೆದ ಕುಳಿ ತೆಳು ಹಾಳೆಯ ದಪ್ಪವನ್ನೆಲ್ಲ ತಿಂದಿದ್ದರಿಂದ ರಂಧ್ರದ ಅಂಚು ಚಾಕುವಿನ ಅಲಗಿನಷ್ಟು ಹರಿತವಾಗಿತ್ತು. ಅಲ್ಲಿಂದ ದಣಿವಿನ ಬಿರುಕುಗಳು, ಅಂದರೆ ಪದೇ ಪದೇ ಬೀಳುವ ಭಾರದಿಂದ ಹುಟ್ಟುವ ಬಿರುಕುಗಳು ಹೊರಟು ಒಂದಕ್ಕೊಂದು ಕೂಡಿಕೊಂಡವು.

ರಿವೆಟ್ ಹಾಕಬೇಡಿ ಎನ್ನುತ್ತಿಲ್ಲ. ತುದಿಯಲ್ಲಿ ಅಂಟು ಸಿಪ್ಪೆಯಂತೆ ಏಳುವುದನ್ನು ತಡೆಯಲು ಒಂದೆರಡು ರಿವೆಟ್ ಚೆನ್ನಾಗಿ ಕೆಲಸ ಮಾಡುತ್ತವೆ, ನಾನೂ ಹಾಕಿಸಿದ್ದೇನೆ. ಅಂಟು ಪೂರ್ತಿ ಹೋದರೂ ರಿವೆಟ್‌ಗಳು ಸಾಕು ಎಂದು ನೀವು ನಂಬಿದ್ದರೆ, ಅಂಟೇ ಇಲ್ಲವೆಂದು ಭಾವಿಸಿ ಅವುಗಳ ಲೆಕ್ಕ ಹಾಕಿ, ಕುಳಿಯ ಆಳಕ್ಕೆ ತಕ್ಕಂತೆ ಹಾಳೆಯ ದಪ್ಪವನ್ನು ಇಡಿ. ಕೊರೆಯುವ ಕೆಲಸವನ್ನು ಅಂಟಿಸುವ ಮೊದಲೇ ಮುಗಿಸಿ, ಕೊರೆಯಲು ಬಳಸಿದ ಎಣ್ಣೆಯನ್ನು ಮೇಲೆ ಹೇಳಿದ ಕ್ರಮದಲ್ಲೇ ತೆಗೆಯಿರಿ, ರಿವೆಟ್ಟಿಗೂ ಹಸಿ ಅಂಟು ಅಥವಾ ಸೀಲೆಂಟ್ ಹಚ್ಚಿ ಕೂರಿಸಿ. ಇಲ್ಲದಿದ್ದರೆ ನೀರಿಗೆ ಅಂಚಿನ ಜೊತೆಗೆ ಪ್ರತಿ ರಂಧ್ರವೂ ಒಂದೊಂದು ಬಾಗಿಲಾಗುತ್ತದೆ.